ಮೂಗುತಿಗೊಂದು ಲೇಯರ್, ರೆಪ್ಪೆಗೊಂದು ಲೇಯರ್

ಅಜ್ಜಿಯೊಬ್ಬರ ಗೋಡೆ ಫೋಟೋದ ಮೂರನೇ ಪ್ರಿಂಟ್ ಬಂದ ದಿನ ಭಾವ ಏನೂ ಹೇಳಲಿಲ್ಲ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಫ್ರೇಮಿನವನಿಗೆ ಫೋನ್ ಮಾಡಿ ಅಳತೆ ಕೊಟ್ಟರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ. ಮೊದಲಿನ ಎರಡು ಪ್ರಿಂಟ್ ಈಗಲೂ ಸ್ಟುಡಿಯೋದ ಅಟ್ಟದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿವೆ. ಎರಡೂ 20 ಇಂಟು 30 ಇಂಚಿನವು. ಒಂದೊಂದಕ್ಕೆ ಆರುನೂರೋ ಏಳುನೂರೋ ಆಗಿತ್ತು, ಅದೂ ನನ್ನ ಜೇಬಿನಿಂದ.

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಸಣ್ಣ ಸ್ಟುಡಿಯೋ. ಭಾವ ಫೋಟೋ ತೆಗೆಯುವವರು, ನಾನು ಕಂಪ್ಯೂಟರ್ ಮುಂದೆ ಕೂತು ಜನರ ಮುಖ ತೊಳೆಯುವವನು. ಹನ್ನೊಂದು ವರ್ಷ ಆಯಿತು. ಮದುವೆ, ಸೀಮಂತ, ಉಪನಯನ, ಕುರ್ಲಾದ ಬಂಟರ ಭವನದ ಆರತಕ್ಷತೆ, ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ಸನ್ಮಾನ, ಮಳೆಗಾಲದಲ್ಲಿ ಊರಿನ ಮೇಳದವರು ಮುಂಬಯಿಗೆ ಬಂದರೆ ಯಕ್ಷಗಾನ. ಶಾರ್ಪನಿಂಗ್, ಅಂದರೆ ಫೋಟೋದ ಅಂಚು ಗೆರೆಗಳನ್ನು ಚೂಪು ಮಾಡುವ ವಿಷಯದಲ್ಲಿ ನಮ್ಮಲ್ಲಿ ಒಂದೇ ಪದ್ಧತಿ ಇತ್ತು. ಆಲ್ಬಮ್ ಪೇಜ್ ಮುಗಿದ ಮೇಲೆ ಫೋಟೋಶಾಪಿನಲ್ಲಿ ಒಂದು ಆಕ್ಷನ್, ಅಂದರೆ ಮೊದಲೇ ಜೋಡಿಸಿಟ್ಟ ಹೆಜ್ಜೆ, ಓಡಿಸುವುದು. ಅದರಲ್ಲಿದ್ದದ್ದು ಚೂಪು ಮಾಡುವ ಒಂದು ಫಿಲ್ಟರ್. ಅನ್‌ಶಾರ್ಪ್ ಮಾಸ್ಕ್, ಅಮೌಂಟ್ (ಎಷ್ಟು ಜೋರು) 150, ರೇಡಿಯಸ್ (ಅಂಚಿನ ಸುತ್ತ ಎಷ್ಟು ಪಿಕ್ಸೆಲ್ ಅಗಲಕ್ಕೆ) ಒಂದೂವರೆ, ಥ್ರೆಶೋಲ್ಡ್ (ಎಷ್ಟು ವ್ಯತ್ಯಾಸವಿದ್ದರೆ ಅಂಚು ಅಂತ ಲೆಕ್ಕ) ಸೊನ್ನೆ. ಇಡೀ ಪೇಜಿಗೆ, ವಧುವಿನ ಕಣ್ಣಿಗೂ ಹಿಂದಿನ ಗೋಡೆಗೂ ಒಂದೇ ಅಳತೆ. ಭಾವ ಅದಕ್ಕೆ ‘ಒಗ್ಗರಣೆ’ ಅನ್ನುತ್ತಿದ್ದರು. “ಒಗ್ಗರಣೆ ಹಾಕಿದಿಯಾ? ಹಾಗಾದರೆ ಲ್ಯಾಬಿಗೆ ಕಳಿಸು.”

12 ಇಂಟು 36ರ ಶೀಟಿನಲ್ಲಿ ಮುಖ ಹೆಬ್ಬೆಟ್ಟಿನಷ್ಟು ಇರುವಾಗ ಒಗ್ಗರಣೆ ನಡೆಯುತ್ತದೆ. ಯಾರೂ ತಕರಾರು ಮಾಡಲಿಲ್ಲ. ತಕರಾರು ಶುರುವಾದದ್ದು ಒಬ್ಬರು ಹೋಟೆಲ್ ಧಣಿ ತಮ್ಮ ಅಮ್ಮನಿಗೆ ಎಂಬತ್ತು ತುಂಬಿದ್ದಕ್ಕೆ ಹಾಲಿನಲ್ಲಿ ಹಾಕಲು ದೊಡ್ಡ ಫೋಟೋ ಬೇಕೆಂದಾಗ. ಭಾವ ಚೆನ್ನಾಗಿಯೇ ತೆಗೆದಿದ್ದರು. ನಿಕಾನ್ ಡಿ750 ಕ್ಯಾಮೆರಾ, 85 ಎಂಎಂ ಲೆನ್ಸ್, ಬಾಲ್ಕನಿಯ ಪಕ್ಕದ ಬೆಳಕು. ಅಜ್ಜಿ ಸ್ವಲ್ಪ ಓರೆ ಕೂತಿದ್ದರು, ರಾಣಿ ಬಣ್ಣದ ಜರಿ ಸೀರೆ, ವಜ್ರದ ಮೂಗುತಿ, ತುರುಬಿಗೆ ಊರಿಂದ ತರಿಸಿದ ಶಂಕರಪುರ ಮಲ್ಲಿಗೆ.

ಮೊದಲ ಪ್ರಿಂಟಿಗೆ ಒಗ್ಗರಣೆ ಹಾಕಿ ಕಳಿಸಿದೆ. ಮನೆಗೆ ಬಂದದ್ದು ನೋಡಿದರೆ ಕೆನ್ನೆಯ ಒಂದೊಂದು ರಂಧ್ರವೂ ಎಣಿಸಲು ಸಿಗುತ್ತಿತ್ತು, ಪೌಡರು ಸುಣ್ಣ ಬಳಿದ ಹಾಗೆ, ಗಲ್ಲದ ಕೆಳಗಿನ ನಾಲ್ಕು ಬಿಳಿ ಕೂದಲು ತಂತಿಯ ಹಾಗೆ. ಧಣಿ ಹೆಚ್ಚು ಬೈಯಲಿಲ್ಲ. “ಅಮ್ಮನಿಗೆ ಸಿಡುಬು ಬಂದು ಹೋದ ಹಾಗೆ ಕಾಣ್ತದಲ್ಲ ಮಾರಾಯ” ಅಂದರು ಅಷ್ಟೇ. ಎರಡನೇ ಸಲ ನಾನು ಇನ್ನೊಂದು ತುದಿಗೆ ಹೋದೆ. ಚರ್ಮವನ್ನೆಲ್ಲ ನುಣ್ಣಗೆ ಮಾಡಿ, ಕಣ್ಣುಗಳ ಮೇಲೆ ಶಾರ್ಪನ್ ಟೂಲಿನಿಂದ ಗಸಗಸ ಉಜ್ಜಿದೆ, ಎರಡೂ ಕಣ್ಣಿಗೆ ಸಮಾ. ಸ್ಕ್ರೀನಿನಲ್ಲಿ ಭರ್ಜರಿ ಕಂಡಿತು. ಪ್ರಿಂಟಿನಲ್ಲಿ ಅಜ್ಜಿ ಕೋಲದ ಭೂತ ದಿಟ್ಟಿಸಿದ ಹಾಗೆ ನೋಡುತ್ತಿದ್ದರು. ಈ ಸಲ ಸ್ವತಃ ಅಜ್ಜಿಯೇ ಹೇಳಿದರು, “ಇದು ನಾನಲ್ಲ ಮಗಾ.”

ಎರಡರಲ್ಲೂ ಲ್ಯಾಬಿನ ಪಾಲೂ ಇತ್ತು, ಅದು ನನಗೆ ಗೊತ್ತಾದದ್ದು ಆಮೇಲೆ. ಆ ಲ್ಯಾಬಿನ ಮೆಶೀನು ತನ್ನ ಲೆಕ್ಕದಲ್ಲಿ ಇನ್ನೊಂದು ಸುತ್ತು ಶಾರ್ಪ್ ಮಾಡುತ್ತಿತ್ತು. ಒಂದೇ ಫೈಲಿನ ಎರಡು ನಕಲು ಮಾಡಿ, ಒಂದಕ್ಕೆ ‘ಕರೆಕ್ಷನ್ ಬೇಡ’ ಎಂದು ಬರೆದು ಕಳಿಸಿದಾಗ ತಿಳಿಯಿತು. 8 ಇಂಟು 12ರ ಎರಡು ಪ್ರಿಂಟ್, ಎಂಬತ್ತು ರೂಪಾಯಿಯೂ ಆಗಿರಲಿಕ್ಕಿಲ್ಲ. ಹತ್ತು ವರ್ಷ ಮೊದಲೇ ಆ ಎಂಬತ್ತು ರೂಪಾಯಿ ಖರ್ಚು ಮಾಡಬೇಕಿತ್ತು.

ಮೂರನೇ ಸಲ ಭಾಗ ಭಾಗ ಮಾಡಿಯೇ ಶಾರ್ಪ್ ಮಾಡುತ್ತೇನೆ ಅಂದಾಗ ಭಾವನಿಗೆ ಸಿಟ್ಟು. “ಎಂತ, ಒಂದು ಮುಖಕ್ಕೆ ಒಂದು ಗಂಟೆಯಾ? ಹೀಗಾದರೆ ಸೀಸನ್ನಿನಲ್ಲಿ ನಾವು ಬಾಗಿಲು ಮುಚ್ಚುವುದೇ.” ಠಾಣೆಯಲ್ಲಿ ಇದೇ ಕೆಲಸ ಮಾಡುವ ಗೆಳೆಯನೂ ನಕ್ಕ. ಅಂಚುಗಳನ್ನು ಮಾತ್ರ ಎತ್ತುವ ಹೈ ಪಾಸ್ ಫಿಲ್ಟರ್ ಹಾಕಿ ಓವರ್‌ಲೇ ಕೊಡು, ಒಪೇಸಿಟಿ ಇಳಿಸು, ಮುಗಿಯಿತು ಅಂದ. ಓವರ್‌ಲೇ ಅಂದರೆ ಒಂದರ ಮೇಲೊಂದು ಹಾಸಿದ ಲೇಯರುಗಳು ಬೆರೆಯುವ ಒಂದು ರೀತಿ, ಒಪೇಸಿಟಿ ಅಂದರೆ ಮೇಲಿನ ಲೇಯರಿನ ದಟ್ಟತೆ. ಒಪೇಸಿಟಿ ಇಳಿಸಿದರೆ ಕೆನ್ನೆಯೂ ಇಳಿಯುತ್ತದೆ, ಕಣ್ಣೂ ಇಳಿಯುತ್ತದೆ. ನನಗೆ ಬೇಕಾದದ್ದು ಒಂದು ಏರಿ ಇನ್ನೊಂದು ಇದ್ದಲ್ಲೇ ಇರುವುದು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ರಿಟಚ್ ಎಲ್ಲ ಮುಗಿಸಿ, ಪ್ರಿಂಟಿನ ಅಳತೆಗೆ ಫೈಲ್ ತಂದ ಮೇಲೆಯೇ ಶಾರ್ಪನಿಂಗಿಗೆ ಕೈ ಹಾಕುವುದು. ಈ ಕ್ರಮ ತಪ್ಪಿ ಒಂದು ಆಲ್ಬಮ್ಮಿನ ಅರ್ಧ ದಿನದ ಕೆಲಸ ನೀರುಪಾಲಾಗಿದೆ. ಪೂರ್ತಿ ಫೈಲಿನಲ್ಲಿ ಒಂದು ಪಿಕ್ಸೆಲ್ ರೇಡಿಯಸ್ಸಿನಲ್ಲಿ ರೆಪ್ಪೆ ತಿದ್ದಿದೆ, ಪೇಜಿನಲ್ಲಿ ಮುಖವನ್ನು ಕಾಲು ಭಾಗಕ್ಕೆ ಇಳಿಸಿದೆ, ತಿದ್ದಿದ್ದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಅಜ್ಜಿಯ ಫೈಲಿಗೆ ಆ ತೊಂದರೆ ಇರಲಿಲ್ಲ. ಉದ್ದ 6016 ಪಿಕ್ಸೆಲ್, 30 ಇಂಚಿಗೆ ಹಂಚಿದರೆ ಇಂಚಿಗೆ 200. ಗೋಡೆಯ ಫೋಟೋಕ್ಕೆ ಧಾರಾಳ ಸಾಕು, ಹಿಗ್ಗಿಸುವುದು ಬೇಡ.

ಎಲ್ಲ ಲೇಯರ್ ಸೇರಿಸಿ ಮೇಲೊಂದು ನಕಲು, ಅದಕ್ಕೆ ಹೈ ಪಾಸ್, ಬಣ್ಣ ತೆಗೆದು, ರೆಪ್ಪೆಗಾದರೆ ಓವರ್‌ಲೇ, ಕೂದಲಿಗಾದರೆ ಅದಕ್ಕಿಂತ ಮೆತ್ತಗಿನ ಸಾಫ್ಟ್ ಲೈಟ್. ಬಣ್ಣ ತೆಗೆಯದಿದ್ದರೆ ಮೂಗುತಿಯ ಸುತ್ತ ಹಸಿರು ನೇರಳೆ ಅಂಚು ಏಳುತ್ತದೆ. ಆಲ್ಟ್ ಒತ್ತಿ ಕಪ್ಪು ಮಾಸ್ಕ್ ಹಾಕಿದರೆ ಆ ಲೇಯರ್ ಪೂರ್ತಿ ಮರೆ, ಬಿಳಿ ಬ್ರಶ್ ಎಳೆದಲ್ಲಿ ಮಾತ್ರ ಕಾಣುತ್ತದೆ, ಬ್ರಶ್ಶಿನ ಫ್ಲೋ (ಬಣ್ಣ ಇಳಿಯುವ ಪ್ರಮಾಣ) ಇಪ್ಪತ್ತರ ಆಸುಪಾಸು. ಇಷ್ಟು ಎಲ್ಲರಿಗೂ ಗೊತ್ತು. ಗುಟ್ಟು ಇರುವುದು ಲೇಯರಿನ ಸಂಖ್ಯೆಯಲ್ಲಿ. ರೆಪ್ಪೆ ಹುಬ್ಬಿಗೆ ಒಂದು, ರೇಡಿಯಸ್ ಒಂದರಿಂದ ಒಂದೂಕಾಲು. ತಲೆಗೂದಲಿಗೆ ಇನ್ನೊಂದು, ಎರಡೂವರೆ ಆಸುಪಾಸು. ಒಡವೆ ಜರಿಗೆ ಬೇರೆ, ಒಂದರ ಒಳಗೆ. ಒಂದೇ ರೇಡಿಯಸ್ಸಿನಲ್ಲಿ ಎಲ್ಲವನ್ನೂ ಎಳೆದರೆ, ರೆಪ್ಪೆಗೆ ಸರಿಯಾದದ್ದು ಕೂದಲಿಗೆ ಸಾಲದು, ಕೂದಲಿಗೆ ಸರಿಯಾದದ್ದು ಮೂಗುತಿಗೆ ಬೂದಿ ಬಳಿಯುತ್ತದೆ.

ಕಣ್ಣಿನ ಒಳಗೆ ನಾನು ಮುಟ್ಟುವ ಜಾಗ ಬಹಳ ಕಡಿಮೆ. ಬಿಳಿ ಗುಡ್ಡೆಯನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಕೆಂಪು ನರಗಳು ಎದ್ದು ಬಂದು ನಿದ್ದೆಗೆಟ್ಟ ಕಣ್ಣಾಗುತ್ತದೆ. ಪಾಪೆಯ ಸುತ್ತಿನ ಕಂದು ಉಂಗುರದಲ್ಲಿ, ಬೆಳಕಿನ ಚುಕ್ಕೆ ಮೇಲೆ ಎಡಕ್ಕಿದ್ದರೆ ಕೆಳಗೆ ಬಲದ ಅರ್ಧಕ್ಕೆ ಮಾತ್ರ ಬ್ರಶ್. ಮೇಲಿನ ರೆಪ್ಪೆಗೆ ಬುಡದಿಂದ ತುದಿಗೆ, ಕೂದಲು ಹೋದ ದಿಕ್ಕಿನಲ್ಲೇ, ಒಂದೊಂದಾಗಿ. ಅಡ್ಡ ಎಳೆದರೆ ನಡುನಡುವಿನ ಚರ್ಮದ ಸುಕ್ಕೂ ಸೇರಿಕೊಂಡು ಬರುತ್ತದೆ. ಕೆಳಗಿನ ರೆಪ್ಪೆಗೆ ಅರ್ಧದಷ್ಟು. ಬುಡದಲ್ಲಿ ನಾನು ಇನ್ನೂ ಒಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು ನಡೆಯಬೇಕಲ್ಲ.

ಎರಡು ಕಣ್ಣಿಗೆ ಸಮಾ ಕೊಡಬಾರದು ಎಂಬ ಪಾಠ ಅಟ್ಟದ ಮೇಲಿನ ಎರಡನೇ ಪ್ರಿಂಟಿನದು. 85ರ ಲೆನ್ಸಿನಲ್ಲಿ ಎಫ್ 1.8ಕ್ಕೆ, ಅಂದರೆ ಲೆನ್ಸಿನ ಬಾಯಿ ಅಗಲ ತೆರೆದು, ಓರೆ ಮುಖ ತೆಗೆದರೆ ದೂರದ ಕಣ್ಣು ಸ್ವಲ್ಪ ಮೆತ್ತಗೆಯೇ ಇರುತ್ತದೆ. ನೋಡುವವರಿಗೆ ಅದು ಸಹಜ. ಅದನ್ನು ಬಲವಂತವಾಗಿ ಮುಂದೆ ಎಳೆದು ತಂದರೆ ಮುಖ ತಟ್ಟೆಯ ಹಾಗೆ ಚಪ್ಪಟೆ. ಹತ್ತಿರದ ಕಣ್ಣಿಗೆ ಹತ್ತಾಣೆ ಕೊಟ್ಟರೆ ದೂರದ್ದಕ್ಕೆ ನಾಲ್ಕಾಣೆ, ಅದು ನನ್ನ ಲೆಕ್ಕ.

ತುಟಿಗೆ ಅಂಚು ಮಾತ್ರ. ಒಳಗೆ ಹೋದರೆ ಒಡಕು ಕಾಣುತ್ತದೆ. ಹಲ್ಲು ಬೇಡವೇ ಬೇಡ, ಸಂದಿಗಳೆಲ್ಲ ಕಪ್ಪಾಗುತ್ತವೆ. ಮೂಗಿನ ತುದಿ ಬೇಡ.

ಮೂಗುತಿಗೇ ನನ್ನ ಒಂದು ಸಂಜೆ ಪೂರ್ತಿ ಹೋಯಿತು. ಕಲ್ಲು ಹೊಳೆಯಬೇಕು, ಅದರ ಸುತ್ತ ಚರ್ಮದ ಮೇಲೆ ಬಿಳಿ ಗೆರೆ ಏಳಬಾರದು. ಕೊನೆಗೆ ಆದದ್ದು ಹೀಗೆ. ಅನ್‌ಶಾರ್ಪ್ ಮಾಸ್ಕ್ ಹಾಕಿದ ಲೇಯರಿನ ಎರಡು ನಕಲು ಮಾಡಿ, ಒಂದನ್ನು ಕಪ್ಪು ಗೆರೆಯನ್ನಷ್ಟೇ ಉಳಿಸುವ ಡಾರ್ಕನ್ ಮೋಡಿನಲ್ಲಿ ಎಂಬತ್ತು ಪರ್ಸೆಂಟ್, ಇನ್ನೊಂದನ್ನು ಬಿಳಿ ಗೆರೆಯನ್ನಷ್ಟೇ ಉಳಿಸುವ ಲೈಟನ್ ಮೋಡಿನಲ್ಲಿ ಮೂವತ್ತು ಇಟ್ಟೆ. ಶಾರ್ಪನಿಂಗಿನಲ್ಲಿ ಕಣ್ಣಿಗೆ ಚುಚ್ಚುವುದು ಬಿಳಿ ಗೆರೆ, ಕಪ್ಪು ಗೆರೆಯನ್ನು ಕಣ್ಣು ಕ್ಷಮಿಸುತ್ತದೆ. ಮಲ್ಲಿಗೆಗೂ ಇದೇ ಉಪಾಯ, ಅಲ್ಲಿ ಲೈಟನ್ ಸೊನ್ನೆ, ಇಲ್ಲದಿದ್ದರೆ ಎಸಳುಗಳು ಕಾಗದದ ಚೂರಾಗುತ್ತವೆ. ನರೆತ ಕೂದಲಿಗೆ ಮಾತ್ರ ತಿರುಗುಮುರುಗು, ಅಲ್ಲಿ ಗೆರೆಯೇ ಬೆಳ್ಳಗಿನದ್ದು, ಲೈಟನ್ ಹೆಚ್ಚು ಬೇಕು.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದಿದ್ದೆ. ಹಿಂದೆ ಫೋರ್ಟ್‌ನ ಪ್ರೆಸ್ಸಿನಲ್ಲಿ ದುಡಿದ ಹಿರಿಯರೊಬ್ಬರು, ಫೈಲನ್ನು ಸಿಎಂವೈಕೆ, ಅಂದರೆ ಪ್ರೆಸ್ಸಿನ ನಾಲ್ಕು ಮಸಿಗಳ ಲೆಕ್ಕಕ್ಕೆ ತಂದು, ಕಪ್ಪು ಮಸಿಯ ಚಾನೆಲ್ ಒಂದನ್ನೇ ಶಾರ್ಪ್ ಮಾಡು ಅಂದರು. ಮಾತಿನಲ್ಲಿ ಹುರುಳಿದೆ. ಚರ್ಮದಲ್ಲಿ ಕಪ್ಪು ಮಸಿ ಬಹಳ ಕಡಿಮೆ, ಹುಬ್ಬು ರೆಪ್ಪೆ ಕೂದಲಿನಲ್ಲಿ ತುಂಬ. ಹಾಗಾಗಿ ಕೆನ್ನೆ ತಾನಾಗಿಯೇ ಬಚಾವು. ಮುಖ ಏನೋ ಚೆನ್ನಾಗಿ ಬಂತು, ರಾಣಿ ಬಣ್ಣದ ಸೀರೆ ಮಾತ್ರ ಹತ್ತು ಸಲ ಒಗೆದ ಹಾಗೆ ಮಂಕಾಯಿತು. ಸಿಎಂವೈಕೆಯೊಳಗೆ ಆ ಬಣ್ಣ ಹಿಡಿಯುವುದೇ ಇಲ್ಲ, ಒಮ್ಮೆ ಹೋದದ್ದು ಸ್ಕ್ರೀನಿನ ಬಣ್ಣದ ಲೆಕ್ಕವಾದ ಆರ್‌ಜಿಬಿಗೆ ತಿರುಗಿಸಿದರೂ ಬರುವುದಿಲ್ಲ. ಆದರೆ ಅದನ್ನು ಬಿಸಾಡಲಿಲ್ಲ. ಈಗ ಫೈಲಿನ ನಕಲನ್ನು ಸಿಎಂವೈಕೆ ಮಾಡಿ, ಕಪ್ಪು ಚಾನೆಲ್ ಎತ್ತಿಕೊಂಡು, ಕಪ್ಪು ಬಿಳುಪು ಅದಲುಬದಲಾಗುವಂತೆ ಇನ್‌ವರ್ಟ್ ಮಾಡಿ, ಮೂಲ ಫೈಲಿನ ಹೈ ಪಾಸ್ ಲೇಯರಿಗೆ ಮಾಸ್ಕ್ ಆಗಿ ಅಂಟಿಸುತ್ತೇನೆ. ಹುಬ್ಬು ಕೂದಲಿನ ಮುಕ್ಕಾಲು ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಉಳಿದದ್ದಕ್ಕೆ ಬ್ರಶ್. ಗಂಟೆ ಹಿಡಿಯುತ್ತಿದ್ದ ಮುಖ ಈಗ ಏಳೆಂಟು ನಿಮಿಷಕ್ಕೆ ಇಳಿದದ್ದು ಮುಖ್ಯವಾಗಿ ಇದರಿಂದ. ಇನ್ನೊಂದು ಕಾರಣ ಪೆನ್ನಿನ ಟ್ಯಾಬ್ಲೆಟ್ಟು. ಲ್ಯಾಮಿಂಗ್ಟನ್ ರೋಡಿನಲ್ಲಿ ಚೌಕಾಶಿ ಮಾಡಿ ಮೂರು ಸಾವಿರದ ಸುಮಾರಿಗೆ ತಂದ ಹಳೆ ವಾಕಮ್. ಮೌಸಿನಲ್ಲಿ ರೆಪ್ಪೆ ಎಳೆಯುವುದೆಂದರೆ ಸೌಟಿನಲ್ಲಿ ಕುಂಕುಮ ಇಟ್ಟ ಹಾಗೆ.

ಎಐ ಶಾರ್ಪನಿಂಗನ್ನೂ ಬಿಡಲಿಲ್ಲ. ಅಜ್ಜಿಯ ಕೆಳರೆಪ್ಪೆಯಲ್ಲಿ ಎಣಿಸಿದರೆ ಆರೇಳು ಕೂದಲು ಇದ್ದವು, ಅದು ಇಪ್ಪತ್ತು ಮಾಡಿ ಕೊಟ್ಟಿತು, ಜೊತೆಗೆ ಕಿವಿಯ ಓಲೆಗೆ ಇಲ್ಲದ ಒಂದು ಕಲ್ಲು. ಧಣಿಯ ಅಕ್ಕತಂಗಿಯರು ನೋಡಿದ್ದರೆ ಆ ಓಲೆ ಎಲ್ಲಿ ಹೋಯಿತೆಂದು ಮನೆಯಲ್ಲಿ ಜಗಳವಾಗುತ್ತಿತ್ತು.

ಇನ್ನೊಂದು ದಂಡ. ಹೋದ ಮಳೆಗಾಲದಲ್ಲಿ ಎರಡು ವಾರ ನನ್ನ ಶಾರ್ಪನಿಂಗ್ ಎಲ್ಲ ಫೇಲ್. ರೇಡಿಯಸ್ ಬದಲಿಸಿದೆ, ಮೋಡ್ ಬದಲಿಸಿದೆ, ಮುಖದ ಮೇಲೆ ಹಾಲಿನ ಕೆನೆ ಕೂತ ಹಾಗೆ. ಕೊನೆಗೆ ಭಾವ ಲೆನ್ಸನ್ನು ಟಾರ್ಚಿಗೆ ಹಿಡಿದರೆ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಬೋರಾ ಬಜಾರಿನಲ್ಲಿ ಬಿಚ್ಚಿ ತೊಳೆಸಲು ಸಾವಿರದ ಎಂಟುನೂರು ಹೋಯಿತು. ಈಗ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಎಲ್ಲ ಬಂದಿವೆ.

ಯಕ್ಷಗಾನದ ಮುಖಕ್ಕೆ ಬಂದರೆ ನನ್ನ ನಿಯಮ ತಲೆಕೆಳಗು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಮುಖದ ಮೇಲೆ ಅಕ್ಕಿಹಿಟ್ಟು ಸುಣ್ಣದ ಉಬ್ಬು ಚುಕ್ಕೆಗಳ ಚಿಟ್ಟಿ ಇಡುತ್ತಾರಲ್ಲ, ಅಲ್ಲಿ ನೋಡಬೇಕಾದದ್ದೇ ಆ ಮುಳ್ಳು ಮುಳ್ಳು ಮೈ. ಮೊದಲ ಸಲ ರೂಢಿಯಂತೆ ಕಣ್ಣು ಮಾತ್ರ ಎತ್ತಿ ಚಿಟ್ಟಿ ಮೆತ್ತಗೆ ಬಿಟ್ಟಿದ್ದೆ. ಕಲಾವಿದರು ಫೋಟೋ ನೋಡಿ, “ಮೂರು ಗಂಟೆ ಕೂತು ಇಟ್ಟದ್ದು, ನೀವು ಅಳಿಸಿಬಿಟ್ಟಿರಲ್ಲ” ಅಂದರು. ಅಲ್ಲಿ ಈಗ ಚಿಟ್ಟಿಗೇ ಮೊದಲ ಲೇಯರ್, ಕಣ್ಣಿಗೆ ಆಮೇಲೆ.

ದುಡ್ಡಿನ ಮಾತು. ಮೊದಲು ಹೊರಗಿನ ಸ್ಟುಡಿಯೋಗಳ ಮುಖಕ್ಕೆ ಎಂಬತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಈಗ ಗೋಡೆಗೆ ಹಾಕುವ ಪೋರ್ಟ್ರೇಟಿಗೆ ಇನ್ನೂರೈವತ್ತು, ದೊಡ್ಡದಾದರೆ ನಾನ್ನೂರು, ಆಲ್ಬಮ್ಮಿಗೆ ಹಳೆ ದರವೇ. ಆಲ್ಬಮ್ಮಿನ ನಲವತ್ತು ಶೀಟಿಗೆಲ್ಲ ಹೀಗೆ ಮಾಡುತ್ತ ಕೂರುವುದು ಹುಚ್ಚು. ಕವರಿಗೆ, ನಡುವೆ ನಾಲ್ಕೈದು ದೊಡ್ಡ ಮುಖಗಳಿಗೆ ಮಾತ್ರ ಕೈಕೆಲಸ, ಉಳಿದದ್ದಕ್ಕೆ ಒಗ್ಗರಣೆಯೇ, ಅಮೌಂಟ್ 150 ಇದ್ದದ್ದು 70ಕ್ಕೆ ಇಳಿದಿದೆ. ನಕ್ಕ ಠಾಣೆಯ ಗೆಳೆಯ ಈಗ ತಿಂಗಳಿಗೆ ಹತ್ತಾರು ಮುಖ ನನಗೇ ಕಳಿಸುತ್ತಾನೆ. ನೋಡುವಾಗ ನಾನು ಫೈಲನ್ನು ಸ್ಕ್ರೀನಿನಲ್ಲಿ ಐವತ್ತು ಪರ್ಸೆಂಟ್ ಗಾತ್ರದಲ್ಲಿ ನೋಡಿ ತೀರ್ಮಾನಿಸುತ್ತೇನೆ, ನೂರರಲ್ಲಿ ಸ್ವಲ್ಪ ಒರಟು ಕಂಡರೆ ಪ್ರಿಂಟಿನಲ್ಲಿ ಸರಿ ಇರುತ್ತದೆ. ಮ್ಯಾಟ್ ಕಾಗದಕ್ಕೆ ಇನ್ನೊಂದು ಚೂರು ಹೆಚ್ಚು.

ಪಳಗದೆ ಉಳಿದದ್ದು ಕನ್ನಡಕ. ಗಾಜಿನ ಹಿಂದಿನ ಕಣ್ಣನ್ನು ಎತ್ತಿದರೆ ಗಾಜಿನ ಮೇಲಿನ ಧೂಳು, ಬೆರಳಚ್ಚು ಮೊದಲು ಎದ್ದು ಬರುತ್ತದೆ. ಫ್ರೇಮನ್ನು ಶಾರ್ಪ್ ಮಾಡಿದರೆ ಕಣ್ಣು ಇನ್ನೂ ಹಿಂದೆ ಸರಿಯುತ್ತದೆ. ಮೊನ್ನೆ ಧಣಿ ಫೋನ್ ಮಾಡಿದ್ದರು, ಅಜ್ಜಿಯ ಪಕ್ಕದ ಗೋಡೆಗೆ ತಂದೆಯ ಹಳೆ ಫೋಟೋ ಬೇಕಂತೆ, ಅದೇ ಅಳತೆಯಲ್ಲಿ. ಕಳಿಸಿದ್ದು ಒಂದು ಪಾಸ್‌ಪೋರ್ಟ್ ಸೈಜಿನ ಪ್ರಿಂಟು. ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ, ಬಲಗಾಜಿನಲ್ಲಿ ಫ್ಲ್ಯಾಶಿನ ಬಿಳಿ ಚುಕ್ಕೆ, ಅದರ ಹಿಂದೆ ಎಲ್ಲೋ ಒಂದು ಕಣ್ಣು. ಭಾವ ಆಗಲೇ ಒಪ್ಪಿಕೊಂಡು ಸಾವಿರ ರೂಪಾಯಿ ಮುಂಗಡವನ್ನೂ ತೆಗೆದುಕೊಂಡಿದ್ದಾರೆ.