ಮೂರನೇ ಸಿಲಿಂಡರಿನ ಗಾಳಿ ಎಲ್ಲಿಗೆ ಹೋಗ್ತಿತ್ತು?

ನಮ್ಮ ಮನೆಯ ಕಾರು 2005ರ ಮಾರುತಿ 800. ಮಾವ ಓಡಿಸಿ ನನಗೆ ಕೊಟ್ಟದ್ದು. ಮೀಟರ್ 1,84,000 ಕಿ.ಮೀ. ದಾಟಿದೆ. ಕಳೆದ ಮಳೆಗಾಲದಲ್ಲಿ ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿ ಹತ್ತೋದೇ ಕಷ್ಟ ಆಯ್ತು. ಮೊದಲೆಲ್ಲ ಎರಡನೇ ಗೇರಿನಲ್ಲಿ ಏರುತ್ತಿದ್ದ ತಿರುವುಗಳಿಗೆ ಈಗ ಮೊದಲನೇ ಗೇರೇ ಬೇಕಾಯ್ತು. ನಿಲ್ಲಿಸಿದರೆ ಇಡೀ ಗಾಡಿ ಗಡಗಡ ಅಲುಗುತ್ತಿತ್ತು. ಸೈಲೆನ್ಸರ್ ಬಾಯಿಗೆ ಕೈ ಹಿಡಿದರೆ ಹೊಗೆ ಒಂದೇ ಸಮನೆ ಬರ್ತಿರಲಿಲ್ಲ. ಮಧ್ಯೆ ಮಧ್ಯೆ ಒಂದು ಹೊಡೆತ ತಪ್ಪುತ್ತಿತ್ತು.

ಪ್ಲಗ್ ಬದಲಾಯಿಸಿದೆ. ಪ್ಲಗ್ ವೈರ್ ಬದಲಾಯಿಸಿದೆ. ಏನೂ ಆಗಲಿಲ್ಲ. ಒಂದು ಗ್ಯಾರೇಜಿನಲ್ಲಿ ಸದ್ದು ಕೇಳಿಯೇ ಹೇಳಿಬಿಟ್ಟರು: "ಬೋರ್ ಹೋಗಿದೆ ಸಾರ್, ಎಂಜಿನ್ ಇಳಿಸಬೇಕು." ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ. ನಾನು ಐಟಿಐ ಫಿಟ್ಟರ್. ಅಳೆಯದೆ ಬಿಚ್ಚೋದು ನನಗೆ ಒಗ್ಗದ ಕೆಲಸ. ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವ ಕಂಪ್ರೆಷನ್ ಗೇಜ್ ತರಿಸಿದೆ. ಪ್ಲಗ್ ಇರುವ ತೂತಿಗೆ ಥ್ರೆಡ್ ಮೇಲೆ ತಿರುಗಿಸಿ ಕೂರಿಸುವಂಥದ್ದೇ ತಗೊಳ್ಳಿ. ರಬ್ಬರ್ ತುದಿಯನ್ನು ಕೈಯಲ್ಲಿ ಒತ್ತಿ ಹಿಡಿಯುವ ಗೇಜಿನಲ್ಲಿ ಗಾಳಿ ಸೋರುತ್ತದೆ, ಲೆಕ್ಕ ನಂಬೋ ಹಾಗಿಲ್ಲ.

ಮೊದಲ ಸಲ ನೋಡಿದಾಗ ಮೂರು ಸಿಲಿಂಡರಿಗೆ ಕ್ರಮವಾಗಿ 120, 115, 65 ಪಿಎಸ್‌ಐ ಒತ್ತಡ ಬಂತು. ಮೂರೂ ಕಡಿಮೆ. ಗ್ಯಾರೇಜಿನವರು ಹೇಳಿದ್ದೇ ಸರಿ ಅಂತ ಆ ರಾತ್ರಿ ಬೇಜಾರಾಗಿ ಮಲಗಿದೆ. ಬೆಳಿಗ್ಗೆ ಯೋಚಿಸಿದಾಗ ಹೊಳೀತು, ನಾನು ಆಕ್ಸಿಲರೇಟರ್ ಒತ್ತಿಯೇ ಇರಲಿಲ್ಲ. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿ ಹೋಗೋದೇ ಕಡಿಮೆ. ಹೋಗದ ಗಾಳಿಯನ್ನು ಪಿಸ್ಟನ್ ಹೇಗೆ ಒತ್ತೀತು? ಬ್ಯಾಟರಿ ಬೇರೆ ಇಳಿದಿತ್ತು, ಸೆಲ್ಫ್ ನಿಧಾನಕ್ಕೆ ತಿರುಗುತ್ತಿತ್ತು. ಸಾಲದ್ದಕ್ಕೆ ಒಂದೊಂದೇ ಪ್ಲಗ್ ಬಿಚ್ಚಿ ನೋಡಿದ್ದೆ. ಉಳಿದ ಎರಡು ಸಿಲಿಂಡರಿನ ಭಾರವೂ ಸೆಲ್ಫ್ ಮೇಲೇ ಬಿದ್ದಿತ್ತು.

ಎರಡನೇ ಸಲ ಎಲ್ಲ ಸರಿಯಾಗಿ ಮಾಡಿದೆ. ಬ್ಯಾಟರಿ ರಾತ್ರಿಯಿಡೀ ಚಾರ್ಜಿಗೆ ಹಾಕಿದೆ. ಎಂಜಿನ್ ಓಡಿಸಿ ಬಿಸಿ ಮಾಡಿ, ಕೈ ಇಡೋವಷ್ಟು ಆರಲು ಬಿಟ್ಟೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ, ಸುಡುವ ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಥ್ರೆಡ್ ಹಾಳಾಗುತ್ತದೆ. ಮೂರೂ ಪ್ಲಗ್ ತೆಗೆದೆ. ಪೆಟ್ರೋಲ್ ಪಂಪಿನ ಕರೆಂಟ್ ಕಟ್ ಮಾಡಿದೆ, ಕಾಯಿಲ್ ವೈರ್ ಕಳಚಿದೆ. ಮಗಳು ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕೀ ತಿರುಗಿಸಿದಳು. "ಆರು ಸುತ್ತು ಎಣಿಸು ಪುಟ್ಟಿ, ಆಮೇಲೆ ಬಿಡು" ಅಂದೆ. ಪ್ರತಿ ಸಿಲಿಂಡರಿಗೂ ಅಷ್ಟೇ ಸುತ್ತು.

165, 160, 90.

ಈಗ ಕಥೆ ಪೂರ್ತಿ ಬೇರೆ. ಸರಿಯಾದ ಒತ್ತಡ ಎಷ್ಟು ಅನ್ನೋದು ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಆದರೆ ಹಳೇ ಎಂಜಿನ್ನಿನಲ್ಲಿ ನಾನು ಮೊದಲು ನೋಡೋದು ಸಿಲಿಂಡರುಗಳ ನಡುವಿನ ಅಂತರ. ಮೂರೂ ಒಟ್ಟಿಗೆ ಸ್ವಲ್ಪ ಇಳಿದಿದ್ದರೆ ಅದು ವಯಸ್ಸು. ಒಂದೇ ಒಂದು ಅರ್ಧಕ್ಕೆ ಬಿದ್ದಿದ್ದರೆ ಅಲ್ಲೇ ಏನೋ ಕೆಟ್ಟಿದೆ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಅಂತ ಅನುಮಾನ ಪಡಬೇಕು. ನನ್ನದು ಗೇರ್‌ಬಾಕ್ಸ್ ಕಡೆಯ ಮೂರನೆಯದು ಮಾತ್ರ.

ಕೆಟ್ಟಿರೋದು ಪಿಸ್ಟನ್ ಸುತ್ತಲಿನ ರಿಂಗೋ, ಮೇಲೆ ಗಾಳಿ-ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವೋ ಅಂತ ತಿಳಿಯಲು ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಯಿಲ್ ರಿಂಗಿನ ಸುತ್ತ ಸಂದು ಮುಚ್ಚುತ್ತದೆ. ರಿಂಗ್ ಸವೆದಿದ್ದರೆ ಒತ್ತಡ ಜೋರಾಗಿ ಏರುತ್ತದೆ. ಜಾಸ್ತಿ ಸುರಿಯಬೇಡಿ. ಆಯಿಲ್ ಜಾಗ ತುಂಬಿದರೆ ಅದರಿಂದಲೇ ಒತ್ತಡ ಏರಿ ದಾರಿ ತಪ್ಪಿಸುತ್ತದೆ. ನನಗೆ ಬಂದದ್ದು 180, 177, 96. ಮೂರನೆಯದು ಬರೀ 6 ಏರಿತು. ಅಂದರೆ ಗಾಳಿ ಪಿಸ್ಟನ್ ಪಕ್ಕದಿಂದ ಇಳೀತಿಲ್ಲ, ಮೇಲಿನಿಂದ ಹೋಗ್ತಿದೆ. ಬೋರ್ ಮಾತು ಅಲ್ಲಿಗೇ ಮುಗೀತು.

ವಾಲ್ವ್ ಕವರ್ ತೆಗೆದು, ತೆಳು ಲೋಹದ ಎಲೆಗಳಿಂದ ಸಂದು ಅಳೆಯುವ ಫೀಲರ್ ಗೇಜ್ ಹಾಕಿದೆ. ಎಂಜಿನ್ ತಣ್ಣಗಿದ್ದಾಗ ವಾಲ್ವಿನ ಕಡ್ಡಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಸುಮಾರು 0.15 ಮಿ.ಮೀ. ಸಂದು ಇರಬೇಕಾದ ಕಡೆ, ಮೂರನೆಯದರ ಹೊಗೆ ಹೊರಹಾಕುವ ಎಕ್ಸಾಸ್ಟ್ ವಾಲ್ವಿಗೆ ಅತಿ ತೆಳು ಎಲೆಯೂ ಹೋಗಲಿಲ್ಲ. ಸಂದೇ ಇಲ್ಲ. ಈ ಕಾರಿಗೆ ಹಿಂದೆ ಪೆಟ್ರೋಲ್ ಬದಲು ಗ್ಯಾಸಿನಲ್ಲಿ ಓಡಿಸುವ ಕಿಟ್ ಇತ್ತು. ಆಗ ಮಾವನಿಗೆ ಫೋನ್ ಮಾಡಿದೆ. "ಗ್ಯಾಸ್ ಕಿಟ್ ಎಷ್ಟು ವರ್ಷ ಇತ್ತು ಮಾವ?" "ಎಂಟು ವರ್ಷ ಇತ್ತಪ್ಪ, ಪೆಟ್ರೋಲ್ ಹಾಕ್ತಿದ್ದದ್ದೇ ಕಡಿಮೆ." "ಟ್ಯಾಪೆಟ್ ಮಾಡಿಸ್ತಿದ್ರಾ, ಅಂದ್ರೆ ವಾಲ್ವ್ ಸಂದು ಸರಿ ಮಾಡಿಸ್ತಿದ್ರಾ?" "ಯಾಕೆ ಮಾಡಿಸ್ಬೇಕು? ಸದ್ದೇ ಇರ್ಲಿಲ್ವಲ್ಲ!"

ಸದ್ದು ಇಲ್ಲದ್ದೇ ರೋಗದ ಗುರುತು. ಗ್ಯಾಸ್ ಒಣ ಇಂಧನ. ಅದರಲ್ಲಿ ಓಡಿದಷ್ಟೂ ಎಕ್ಸಾಸ್ಟ್ ವಾಲ್ವಿನ ಸೀಟು, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಜಾಗ, ಬೇಗ ಸವೆಯುತ್ತದೆ. ಸೀಟು ಸವೆದಂತೆ ವಾಲ್ವ್ ಹೆಡ್ಡಿನ ಒಳಕ್ಕೆ ಕೂರುತ್ತದೆ, ಅದರ ಕಡ್ಡಿ ಮೇಲಕ್ಕೆ ಬಂದು ಸಂದು ಮುಚ್ಚಿಕೊಳ್ಳುತ್ತದೆ. ಟಕಟಕ ಸದ್ದು ನಿಲ್ಲುತ್ತದೆ. ಎಂಜಿನ್ ಮೆತ್ತಗಾಗಿದೆ ಅಂತ ನಾವು ಖುಷಿ ಪಡುತ್ತೇವೆ. ಸಂದು ಪೂರ್ತಿ ಹೋದಮೇಲೆ ವಾಲ್ವ್ ಸೀಟಿಗೆ ಒತ್ತಿ ಕೂರೋದೇ ಇಲ್ಲ. ಎಕ್ಸಾಸ್ಟ್ ವಾಲ್ವಿನ ಬಿಸಿ ಹೆಚ್ಚಾಗಿ ಇಳಿಯೋದು ಸೀಟಿನ ಮೂಲಕ. ಆ ದಾರಿ ತಪ್ಪಿದರೆ ವಾಲ್ವಿನ ಅಂಚು ಸುಡುತ್ತದೆ.

ಟ್ಯಾಪೆಟ್ ಸೆಟ್ ಮಾಡಿ ಮತ್ತೆ ನೋಡಿದೆ. 90 ಇದ್ದದ್ದು 112 ಆಯ್ತು. ಸಾಲದು. ಅಂಚು ಆಗಲೇ ಸುಟ್ಟಿರಬೇಕು. ಆದರೂ ಹೆಡ್ ಬಿಚ್ಚುವ ಮೊದಲು ಗಾಳಿ ಎಲ್ಲಿ ಸೋರುತ್ತಿದೆ ಅಂತ ಕಿವಿಯಾರೆ ಕೇಳಬೇಕು ಅನ್ನಿಸಿತು. ಕಾರನ್ನು ಪಂಚರ್ ಅಂಗಡಿಗೆ ಒಯ್ದೆ. ಮೂರನೇ ಪಿಸ್ಟನ್ ಅನ್ನು ಕಂಪ್ರೆಷನ್ ಹೊಡೆತದ ತುತ್ತತುದಿಗೆ ತಂದು ನಿಲ್ಲಿಸಿದೆ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಗಾಳಿಯ ಒತ್ತಡಕ್ಕೆ ಎಂಜಿನ್ ತಿರುಗಬಾರದು ಅಂತ ನಾಲ್ಕನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ಗೇಜಿನ ಪೈಪಿನ ತುದಿಯ ಪುಟ್ಟ ವಾಲ್ವ್ ತೆಗೆದು ಅದಕ್ಕೆ ಕಂಪ್ರೆಸರ್ ಪೈಪ್ ಜೋಡಿಸಿದೆ. "ನಿಧಾನಕ್ಕೆ ಬಿಡಿ ಅಣ್ಣ, 60 ಸಾಕು" ಅಂದೆ.

ಆಯಿಲ್ ಕಡ್ಡಿಯ ತೂತಿನಲ್ಲಿ ಗಾಳಿ ಜೋರಾಗಿ ಬಂದರೆ ರಿಂಗ್. ಏರ್ ಫಿಲ್ಟರ್ ಕಡೆ ಬಂದರೆ ಇನ್ಲೆಟ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ನಮ್ಮದರಲ್ಲಿ ಆಯಿಲ್ ಕಡ್ಡಿ ಕಡೆ ಸಣ್ಣ ಉಸಿರು, ಅದು ಯಾವ ಎಂಜಿನ್ನಿನಲ್ಲೂ ಇರುತ್ತದೆ. ಸೈಲೆನ್ಸರಿನಲ್ಲಿ ಮಾತ್ರ ಹಾವು ಬುಸುಗುಟ್ಟಿದ ಹಾಗೆ ಸದ್ದು. ಅಂಗಡಿಯ ಅಣ್ಣನೂ ಬಗ್ಗಿ ಕೇಳಿ, "ಇಲ್ಲೇ ಹೋಗ್ತಿದೆ ನೋಡಿ!" ಅಂದರು. ಆ ಕ್ಷಣದ ಸಮಾಧಾನ ಹೇಳತೀರದು.

ಎಂಜಿನ್ ಇಳಿಸಲಿಲ್ಲ, ಹೆಡ್ ಮಾತ್ರ ಬಿಚ್ಚಿದೆ. ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಉಗುರಿನಷ್ಟು ಜಾಗ ಇಲಿ ಕಡಿದ ಹಾಗೆ ಹೋಗಿತ್ತು. ಬೋರಿನ ಗೋಡೆಯಲ್ಲಿ ಗೀರುಗಳಿರಲಿಲ್ಲ. ಲೇತ್ ಅಂಗಡಿಯಲ್ಲಿ ಸೀಟು ಕಟ್ ಮಾಡಿಸಿ, ಹೆಡ್ಡಿನ ಮುಖ ಸಮ ಇದೆಯೇ ಅಂತ ನೋಡಿಸಿದೆ. ಹೊಸ ವಾಲ್ವ್ ಹಾಕಿಸಿ, ಆರೂ ವಾಲ್ವುಗಳನ್ನು ಪೇಸ್ಟ್ ಹಚ್ಚಿ ನಾನೇ ಉಜ್ಜಿ ಕೂರಿಸಿದೆ. ಆಮೇಲೆ ವಾಲ್ವಿನ ಹಿಂದಿನ ದಾರಿಗೆ, ಅಂದರೆ ಪೋರ್ಟಿಗೆ, ಸೀಮೆಎಣ್ಣೆ ತುಂಬಿ ಅರ್ಧ ಗಂಟೆ ಬಿಟ್ಟೆ. ಒಂದು ಹನಿಯೂ ಇಳಿಯಲಿಲ್ಲ. ಹೊಸ ಗ್ಯಾಸ್ಕೆಟ್, ಹೊಸ ಟೈಮಿಂಗ್ ಬೆಲ್ಟ್ ಹಾಕಿದೆ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಿಂದ ಹಂತ ಹಂತವಾಗಿ ಬಿಗಿದೆ.

168, 165, 166. ಮಗಳೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಳು.

1,000 ಕಿ.ಮೀ. ಆದಮೇಲೆ ಟ್ಯಾಪೆಟ್ ಮತ್ತೆ ನೋಡಿದೆ. ಹೊಸ ವಾಲ್ವಿನ ಸಂದು 0.02 ಮಿ.ಮೀ. ಕಡಿಮೆಯಾಗಿತ್ತು, ಸರಿ ಮಾಡಿದೆ. ಇನ್ನು ಪ್ರತಿ 10,000ಕ್ಕೆ ಕವರ್ ತೆಗೆದು ನೋಡ್ತೀನಿ, ಸದ್ದು ಇರಲಿ ಬಿಡಲಿ.