ಕ್ವಾರ್ಟರ್ಸಿನ ಜ್ವರ ಎಲ್ಲಿಂದ ಶುರುವಾಗ್ತದೆ? ವಲಸೆ ಕೆಲಸದವರ ಆರೋಗ್ಯದ ಸರ್ವೆಗೆ ಹೊರಟವರಿಗೆ

ನಮ್ಮ ಕಾಸರಗೋಡು ಕಡೆ ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಎಂಎ ಇದ್ದ ಹಾಗೆ), ಪಬ್ಲಿಕ್ ಹೆಲ್ತ್ ಅಂತ ಓದುವ ಮಕ್ಕಳು ಪ್ರಾಜೆಕ್ಟಿಗೆ ಈಗ ಜಾಸ್ತಿ ಹಿಡ್ಕೊಳ್ಳುವ ವಿಷಯ ಇದು, ಹೊರಗಿಂದ ಬಂದ ಕೆಲಸದವರ ಆರೋಗ್ಯ. ವಿಷಯ ಒಳ್ಳೇದೇ. ಆದ್ರೆ ನಾನು ನೋಡಿದ ಸುಮಾರು ರಿಪೋರ್ಟು ಇಷ್ಟು ಮಂದಿಗೆ ಜ್ವರ, ಇಷ್ಟು ಮಂದಿಗೆ ಸೊಂಟನೋವು, ಇವರಿಗೆ ಅರಿವು ಕಡಿಮೆ, ಅರಿವು ಮೂಡಿಸ್ಬೇಕು ಅಂತ ಮುಗೀತದೆ. ಅರಿವು ಮೂಡಿಸಿದ್ರೆ ರೂಮಿಗೆ ಕಿಟಕಿ ಬರ್ತದಾ ಮಾರಾಯ್ರೇ?

ಮೊದಲು ಎಂತ ಹುಡುಕ್ತಾ ಇದ್ದೇವೆ ಅಂತ ಗೊತ್ತಿರ್ಬೇಕು. ಹುಡುಗರಿಗಿಂತ ಮುದುಕರಿಗೆ ಕಾಯಿಲೆ ಜಾಸ್ತಿ, ಅದು ಬರೀ ವ್ಯತ್ಯಾಸ. ಒಂದೇ ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಇಬ್ಬರಲ್ಲಿ ಊರಿನವ ಜ್ವರ ಬಂದ ಮರುದಿನವೇ ಡಾಕ್ಟ್ರ ಹತ್ರ ಹೋಗ್ತಾನೆ, ಕೊಪ್ಪಳದವ ಐದನೇ ದಿನ ಹೋಗ್ತಾನೆ ಅಂದ್ರೆ ಅದು ತಪ್ಪಿಸ್ಲಿಕ್ಕೆ ಆಗ್ತಿದ್ದ ವ್ಯತ್ಯಾಸ, ಅನ್ಯಾಯ ಅನ್ನುವುದು ಅದಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಬ್ರಿಟನ್ನಿನ ಸಂಶೋಧಕ ಮೈಕಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಒಂದು ಆಯೋಗ ಮಾಡಿತ್ತು, 2008ರ ಅದರ ವರದಿ ಹೇಳಿದ್ದೂ ಇದನ್ನೇ, ಜನ ಹುಟ್ಟಿ ಬೆಳೆದು ಬದುಕಿ ದುಡಿಯುವ ಪರಿಸ್ಥಿತಿಯಲ್ಲೇ ಕಾಯಿಲೆಯ ಬೇರು ಉಂಟು ಅಂತ. ನಮಗೆ ಇದನ್ನು ವರದಿ ಓದಿಯೇ ತಿಳ್ಕೊಳ್ಬೇಕು ಅಂತ ಇಲ್ಲ, 2020ರ ಲಾಕ್‌ಡೌನಲ್ಲಿ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿ ಮಂಗಳೂರಿಗೆ ಹೋಗ್ಬೇಕಾದ ಆಂಬ್ಯುಲೆನ್ಸ್ ನಿಂತಾಗ ರೋಗ ಅದೇ ಇತ್ತು, ಜೀವ ಹೋದದ್ದು ರಸ್ತೆ ಇಲ್ಲದೆ.

ಹಾಗಾಗಿ ಹೋಲಿಕೆಗೆ ಅದೇ ಕೆಲಸ ಮಾಡುವ ಊರಿನವರನ್ನೂ ಸರ್ವೆಗೆ ಸೇರಿಸ್ಲೇಬೇಕು. ಇಲ್ದಿದ್ರೆ ನಿಮ್ಮ ಹತ್ರ ಇರುವುದು ಬರೀ ಕಾಯಿಲೆಗಳ ಪಟ್ಟಿ.

ಇನ್ನು ಪ್ರಶ್ನೆ ಕೇಳುವ ರೀತಿ. ನಾನು ಮೊದಲ ಸಲ ಪ್ರಿಂಟ್ ಮಾಡಿದ ಫಾರ್ಮ್ ಹಿಡ್ಕೊಂಡು ಸೈಟಿಗೇ ಹೋಗಿದ್ದೆ, ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ, ಹದಿನಾಲ್ಕು ಜನವೂ ಏನೂ ತೊಂದ್ರೆ ಇಲ್ಲ ಅಂದ್ರು, ಅಷ್ಟೂ ಫಾರ್ಮ್ ದಂಡ. ಆಮೇಲೆ ಭಾನುವಾರ ಅವರು ಬಟ್ಟೆ ಒಗೆಯುವ ಹೊತ್ತಿಗೆ ಕ್ವಾರ್ಟರ್ಸಿಗೆ, ಅಂದ್ರೆ ಅವರು ಬಾಡಿಗೆಗಿರುವ ರೂಮುಗಳಿಗೆ, ಹೋದೆ. ಬಾಗಲಕೋಟೆ ಕಡೆಯವರು, ಕನ್ನಡವೇ, ಆದ್ರೆ ಅವರ ಕನ್ನಡ ಬೇರೆ. "ಕಾಯಿಲೆ ಏನಾದ್ರೂ ಉಂಟಾ?" ಅಂತ ಕೇಳಿದ್ರೆ "ಇಲ್ರೀ, ಆರಾಮ ಅದೀನ್ರಿ". ಅದೇ ಮನುಷ್ಯನತ್ರ "ಹೋದ ತಿಂಗಳು ಎಷ್ಟು ದಿನದ ಪಗಾರ ತಪ್ಪಿತು?" ಅಂದ್ರೆ "ಆರು ದಿನ್ರಿ, ಜಡ್ಡಾಗಿತ್ತು". ಕಾಯಿಲೆ ಅಂದ್ರೆ ಅವರಿಗೆ ಹಾಸಿಗೆ ಹಿಡಿಯುವಂಥದ್ದು ಮಾತ್ರ. ಹಾಗಾಗಿ ತಪ್ಪಿದ ದಿನ, ತಪ್ಪಿದ ಕೂಲಿ ಕೇಳಿ.

ಅಲ್ಲಿಂದ ಒಂದೇ ಒಂದು ಜ್ವರವನ್ನು ಹಿಡ್ಕೊಂಡು ಹಿಂದೆ ಹಿಂದೆ ಹೋಗಿ. ಆ ಆರು ದಿನದ ಜ್ವರಕ್ಕೆ ಅವ ಮೊದಲು ಹೋದದ್ದು ಮೆಡಿಕಲ್ ಶಾಪಿಗೆ, ಯಾಕಂದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟ್ರು ನೋಡುವ ಓಪಿ ಬೆಳಿಗ್ಗೆ, ಕೆಲಸವೂ ಬೆಳಿಗ್ಗೆ, ರಜೆ ಹಾಕಿದ್ರೆ ಕೂಲಿ ಇಲ್ಲ, ಊರಲ್ಲಿ ಮೊದಲೇ ತಗೊಂಡ ಅಡ್ವಾನ್ಸ್ ತೀರುವವರೆಗೆ ಮೇಸ್ತ್ರಿ ಮಾತು ಮೀರುವ ಹಾಗೂ ಇಲ್ಲ, ಮೇಲಿಂದ ಆಸ್ಪತ್ರೆಯ ಬೋರ್ಡ್ ಮಲಯಾಳದಲ್ಲಿ, ಅವ ಓದುವುದು ಕನ್ನಡ. ಜ್ವರ ಬಂದದ್ದಾದ್ರೂ ಹೇಗೆ ಅಂತ ನೋಡಿದ್ರೆ ರೂಮಿನ ಹಿಂದೆ ಮುಚ್ಚಳ ಇಲ್ಲದ ನೀಲಿ ಡ್ರಮ್ಮು, ತುಂಬ ಸೊಳ್ಳೆ ಹುಳ. ಡ್ರಮ್ ಯಾಕೆ? ನಳ್ಳಿ ನೀರು ಎರಡು ದಿನಕ್ಕೊಮ್ಮೆ, ಎರಡು ರೂಮಲ್ಲಿ ಹನ್ನೊಂದು ಜನ. ಇದರಲ್ಲಿ ಅವನ ಕೈಯಲ್ಲಿ ಇರುವುದು ಎಂತ? ಹೆಚ್ಚಂದ್ರೆ ಮುಚ್ಚಳ. ಉಳಿದದ್ದು ಬಾಡಿಗೆ ಕೊಟ್ಟವನದ್ದು, ಕಂಟ್ರಾಕ್ಟ್ ಹಿಡಿದವನದ್ದು, ಪಂಚಾಯತಿನದ್ದು. ಒಬ್ಬೊಬ್ಬರದ್ದೂ ಹೀಗೆ ಒಂದೊಂದು ಹಾಳೆಯಲ್ಲಿ ಬರೀರಿ, ಹದಿನೈದಿಪ್ಪತ್ತು ಹಾಳೆ ಆಗುವಾಗ ಅವೇ ಎರಡು ಮೂರು ಕಾರಣ ತಿರುಗಿ ತಿರುಗಿ ಬರ್ಲಿಕ್ಕೆ ಶುರುವಾಗ್ತದೆ. ಫಾರ್ಮ್ ಮಾಡುವುದು ಆಮೇಲೆ.

ಯೋಜನೆ ಇಲ್ವಾ ಅಂತ ಕೇಳ್ತಾರೆ. ಉಂಟು. ಕೇರಳ ಸರ್ಕಾರ ಅತಿಥಿ ಕಾರ್ಮಿಕರಿಗೆ (ವಲಸೆ ಕೆಲಸದವರನ್ನು ಅಲ್ಲಿ ಹಾಗೆ ಕರೀತಾರೆ) ಅಂತಲೇ 2017ರಲ್ಲಿ ಆವಾಜ್ ವಿಮೆ ತಂತು, ಶುರುವಿಗೆ 15,000 ರೂಪಾಯಿವರೆಗೆ ಚಿಕಿತ್ಸೆ, ಅಪಘಾತದಲ್ಲಿ ಸತ್ರೆ 2 ಲಕ್ಷ. ನೀವು ಕಾರ್ಡ್ ಉಂಟಾ ಅಂತ ಕೇಳಿ ಬಿಡ್ಬೇಡಿ, ಆ ಕಾರ್ಡಿಂದ ಯಾವತ್ತಾದ್ರೂ ಔಷಧಿ ಸಿಕ್ಕಿದ್ದುಂಟಾ ಅಂತ ಕೇಳಿ. ಗರ್ಭಿಣಿಯರಿದ್ರೆ ಕರ್ನಾಟಕದ ತಾಯಿ ಕಾರ್ಡ್ ತೋರಿಸ್ಲಿಕ್ಕೆ ಹೇಳಿ, ಇಲ್ಲಿಗೆ ಬಂದ ತಿಂಗಳಿಂದ ಅದರಲ್ಲಿ ಏನಾದ್ರೂ ಬರೆದಿದ್ದಾರಾ ನೋಡಿ. ಖಾಲಿ ಕಂಡ್ರೆ ಇಲ್ಲಿ ಬೇರೆ ಕಾರ್ಡ್ ಕೊಟ್ಟಿದ್ದಾರಾ ಅಂತಲೂ ಕೇಳಿ.

ಸರ್ಕಾರಿ ಅಂಕಿಅಂಶ ನಂಬಿ ಕೂರ್ಬೇಡಿ. 2011ರ ಜನಗಣತಿಯ ವಲಸೆ ಟೇಬಲ್ ಹಳೇದಾಯ್ತು, 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಮನೆ ಲೆಕ್ಕದಲ್ಲಿ ಮಾಡಿದ್ದು, ಹೈವೇ ಕೆಲಸದ ಶೆಡ್ಡಿನಲ್ಲಿ ಮಲಗುವವರು ಅಂಥ ಲೆಕ್ಕದಲ್ಲಿ ತಪ್ಪಿಹೋಗುವುದೇ ಜಾಸ್ತಿ. ಪಂಚಾಯತಿನ ಆಶಾ ಕಾರ್ಯಕರ್ತೆ, ಜೆಎಚ್‌ಐ (ಜೂನಿಯರ್ ಹೆಲ್ತ್ ಇನ್‌ಸ್ಪೆಕ್ಟರ್) ಇವರ ಹತ್ರ ಯಾವ ಕ್ವಾರ್ಟರ್ಸಲ್ಲಿ ಯಾರಿದ್ದಾರೆ ಅಂತ ಕೇಳಿ ನೀವೇ ಪಟ್ಟಿ ಮಾಡಿ. ಒಬ್ಬರಿಂದ ಮತ್ತೊಬ್ಬರ ಪರಿಚಯ ಮಾಡ್ಕೊಂಡು ಹೋದ್ರೂ ಆಗ್ತದೆ, ಆದ್ರೆ ಆಗ ಒಬ್ಬನೇ ಮೇಸ್ತ್ರಿಯ ಜನ ಮಾತ್ರ ಸಿಗುವುದುಂಟು, ನಾಲ್ಕೈದು ಕಡೆಯಿಂದ ಶುರು ಮಾಡಿ.

ಸುಮಾರು ಜನ ಎಡವುವುದು ಎಲ್ಲಿ ಅಂದ್ರೆ, ಕ್ವಾರ್ಟರ್ಸಲ್ಲಿ ಕಾಣುವವರೆಲ್ಲ ಗಟ್ಟಿ ಆಳುಗಳು. ಗಟ್ಟಿ ಇದ್ದವರೇ ದುಡಿಯಲಿಕ್ಕೆ ಬರುವುದು, ಕೆಮ್ಮು ಜೋರಾದವ, ಬೆನ್ನು ಮುರಿದವ ಊರಿಗೆ ಹೋಗಿಯಾಯ್ತು. ಹಾಗಾಗಿ ವಲಸೆಯವರು ಊರಿನವರಿಗಿಂತ ಆರೋಗ್ಯವಾಗಿದ್ದಾರೆ ಅಂತ ಲೆಕ್ಕ ಬಂದ್ರೆ ಖುಷಿ ಪಡ್ಬೇಡಿ, "ಕಳೆದ ವರ್ಷ ನಿಮ್ಮ ಜೊತೆ ಇದ್ದು ಈಗ ಇಲ್ಲದವರು ಯಾರು, ಯಾಕೆ ಹೋದ್ರು" ಅಂತ ಕೇಳಿ, ಒಪ್ಪಿದ್ರೆ ಅವರ ಫೋನಿಂದಲೇ ಊರಿಗೆ ಮಾತಾಡಿ.

ನಿಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ತಗೊಳ್ಳಿ, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಓದಿ. ಒಪ್ಪಿಗೆ ಕೆಲಸದವನದ್ದೇ ಬೇಕು, ಮೇಸ್ತ್ರಿಯದ್ದಲ್ಲ. ಆಧಾರ್ ಕೇಳ್ಲೇಬೇಡಿ, ಬಾಂಗ್ಲಾದೇಶದವ ಅಂತ ಸಂಶಯ ಪಡ್ತಾರೆ ಅನ್ನುವ ಹೆದರಿಕೆಗೆ ಬಂಗಾಳಿ ಮಾತಾಡುವವರು ಅಲ್ಲಿಗೇ ಬಾಯಿ ಮುಚ್ತಾರೆ. ಹೆಸರು ಬರೀಬೇಡಿ, ರೂಮಿನ ಫೋಟೋ ಕೇಳಿ ತೆಗೀರಿ, ಮುಖ ಬೇಡ.

ಮತ್ತೆ, ಫೆಬ್ರವರಿಯಲ್ಲೊಮ್ಮೆ ಜುಲೈಯಲ್ಲೊಮ್ಮೆ ಹೋಗಿ. ಮಳೆಗೆ ಕೋರೆಯಲ್ಲಿ ನೀರು ನಿಂತು ಕೆಲಸ ನಿಲ್ತದೆ, ಆಗ ಉಳಿದವರು ಏನು ತಿಂತಾರೆ, ಬಾಡಿಗೆ ಹೇಗೆ ಕಟ್ತಾರೆ ಅನ್ನುವುದು ಫೆಬ್ರವರಿಯಲ್ಲಿ ಎಷ್ಟು ಕೇಳಿದ್ರೂ ಗೊತ್ತಾಗುವುದಿಲ್ಲ.