ಹಳೇ ಶೀಟು ಇಳಿಸುತ್ತೀರಾ? ಮೊದಲು ಒಂದು ಬಕೆಟ್ ನೀರು ತನ್ನಿ

ಹೋದ ಬೇಸಿಗೆಯಲ್ಲಿ ಮಂಡ್ಯದ ನಮ್ಮ ಬೀದಿಯ ಕೊನೇ ಶೀಟ್ ಮನೆ ಮೇಲೆ ತೆಂಗಿನ ಗೊನೆ ಬಿದ್ದು ಎರಡು ಶೀಟು ಒಡೆದವು. ಮರುದಿನ ಮೇಸ್ತ್ರಿ ಬಂದವರೇ ಹೊಸ ಶೀಟನ್ನು ರಸ್ತೆಯಲ್ಲಿ ಮಲಗಿಸಿ ಕಟಿಂಗ್ ಮಷಿನ್ ಹಚ್ಚಿದರು. ಐದೇ ನಿಮಿಷ. ಎದುರುಮನೆಯವರು ಒಣಹಾಕಿದ್ದ ಸಂಡಿಗೆ, ಹಗ್ಗದ ಮೇಲಿನ ಬಟ್ಟೆ, ನಿಲ್ಲಿಸಿದ್ದ ಸ್ಕೂಟರ್, ಎಲ್ಲದರ ಮೇಲೂ ಬೂದಿಯಂಥ ಪುಡಿ. ಹುಡುಗನೊಬ್ಬ ಸ್ಕೂಟರ್ ಸೀಟಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದು, ಬೆರಳನ್ನು ಚಡ್ಡಿಗೆ ಒರೆಸಿಕೊಂಡ. “ನೀರಾದರೂ ಹಾಕಿಕೊಂಡು ಕೊಯ್ಯಿ ಅಣ್ಣ” ಎಂದೆ. “ಬರೀ ಸಿಮೆಂಟ್ ಧೂಳು ಕಣಕ್ಕ, ಏನೂ ಆಗಾಕಿಲ್ಲ” ಎಂದರು. ಅವರ ರೆಪ್ಪೆಗೂದಲೆಲ್ಲ ಬೆಳ್ಳಗಾಗಿತ್ತು.

ಅದು ಬರೀ ಸಿಮೆಂಟಲ್ಲ. ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎನ್ನುತ್ತೇವೆ, ಕಲ್ಲಿನಿಂದ ಸಿಗುವ ನಾರು. ಶೀಟಿಗೆ ಬಿಗಿ ಕೊಡುವುದು ಇದೇ. ಕೊಯ್ದಾಗ, ಒಡೆದಾಗ ಇದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ಸೀಳಿ ಉಸಿರಿನೊಡನೆ ಶ್ವಾಸಕೋಶ ಸೇರುತ್ತವೆ. ಒಳಗೆ ಹೋದದ್ದು ಕರಗುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್, ಇವು ಕಾಣಿಸಿಕೊಳ್ಳಲು ಎಷ್ಟೋ ಸಲ 20ರಿಂದ 40 ವರ್ಷ ಹಿಡಿಯುತ್ತದೆ. 50ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಮ್ಮಲ್ಲಿ ಶೀಟಿನ ಮಾರಾಟ ನಡೆದೇ ಇದೆ.

ಮುಟ್ಟುವ ಮೊದಲು

ಮಾಡಿನ ಮೇಲೆ ಗಟ್ಟಿಯಾಗಿ ಕೂತಿರುವ ಶೀಟಿಗೆ ಹೆದರಿ ಇವತ್ತೇ ಕಿತ್ತುಹಾಕಬೇಡಿ. ಬಿರುಕಿಲ್ಲದ ಶೀಟಿನಿಂದ ಎಳೆ ಏಳುವುದು ತೀರಾ ಕಡಿಮೆ. ಬಿಸಿಲಿಗೆಂದು ಬಿಳಿ ಬಣ್ಣ ಬಳಿಯುವವರು ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಬಾರದು, ಪೈಪಿನಿಂದ ಜೋರಾಗಿ ನೀರು ಹೊಡೆಯಲೂಬಾರದು. ಕಲ್ನಾರು ಇದೆಯೋ ಇಲ್ಲವೋ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಕೊಟ್ಟಿಗೆ, ಆಲೆಮನೆ, ಬಚ್ಚಲ ಮೇಲಿರುವ ಹಳೇ ಬೂದುಬಣ್ಣದ ಸಿಮೆಂಟ್ ಶೀಟನ್ನು ಕಲ್ನಾರಿನದೇ ಎಂದುಕೊಂಡು ಕೆಲಸಕ್ಕಿಳಿಯಿರಿ.

ಇಳಿಸುವ ದಿನ

ಮಕ್ಕಳು, ವಯಸ್ಸಾದವರು ಬೇರೆ ಕಡೆ ಇರಲಿ. ದನಗಳನ್ನು ಬಿಚ್ಚಿ ದೂರ ಕಟ್ಟಿ. ಪಕ್ಕದ ಮನೆಯವರಿಗೂ ಹೇಳಿ ಕಿಟಕಿ ಹಾಕಿಸಿ, ಒಣಹಾಕಿದ ಬಟ್ಟೆ, ಕಾಳು ಒಳಗೆ ತೆಗೆಸಿ.

ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಶೀಟಿನ ಮೇಲೆ ಮೆಲ್ಲಗೆ ಚಿಮುಕಿಸಿ. ಸೋಪಿದ್ದರೆ ನೀರು ಚೆನ್ನಾಗಿ ಹಿಡಿಯುತ್ತದೆ. ಕೆಲಸ ಮುಗಿಯುವವರೆಗೂ ಶೀಟು ಒದ್ದೆಯಾಗಿಯೇ ಇರಬೇಕು. ಒದ್ದೆ ಶೀಟು ಜಾರುತ್ತದೆ, ಹಳೇ ಶೀಟು ಭಾರಕ್ಕೆ ಕುಸಿಯುತ್ತದೆ. ಹಾಗಾಗಿ ಅದರ ಮೇಲೆ ಕಾಲಿಡಬೇಡಿ, ಏಣಿಯ ಮೇಲಿಂದ ಕೆಲಸ ಮಾಡಿ. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆಯಲ್ಲಿ ಹೊಡೆದರೆ ಶೀಟೇ ಸೀಳುತ್ತದೆ. ಬೋಲ್ಟನ್ನು ಕತ್ತರಿಸಿ ತೆಗೆಯಿರಿ. ಒಂದೊಂದೇ ಶೀಟನ್ನು ಇಬ್ಬರು ಹಿಡಿದು ಇಳಿಸಿ, ಮೇಲಿಂದ ಎಸೆಯಬೇಡಿ.

ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು. ಎಳೆಗಳು ಬಟ್ಟೆಯನ್ನು ತೂರಿಕೊಂಡು ಹೋಗುತ್ತವೆ. ಅತಿ ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮಾಸ್ಕ್ ಮುಖಕ್ಕೆ ಸಂದಿಯಿಲ್ಲದಂತೆ ಕೂರಬೇಕು. ಅದಕ್ಕೆ ಗಡ್ಡ ಅಡ್ಡಿ. ಕಟಿಂಗ್ ಮಷಿನ್ ಅಂತೂ ಬೇಡವೇ ಬೇಡ.

ಮೈಮೇಲಿನ ಬಟ್ಟೆ

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದೂ ಇದೇ. ಆ ಮೇಸ್ತ್ರಿ ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋಗುತ್ತಾರೆ, ಮಗು ಓಡಿಬಂದು ತೋಳಿಗೆ ಹತ್ತುತ್ತದೆ, ಹೆಂಡತಿ ಅಂಗಿ ಒದರಿ ಒಗೆಯಲು ಹಾಕುತ್ತಾರೆ. ಕಾರ್ಖಾನೆಯ ಮೆಟ್ಟಿಲನ್ನೇ ಹತ್ತದ, ಗಂಡನ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಮೀಸೋಥೀಲಿಯೋಮಾ ಬಂದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಕೆಲಸದ ಜಾಗದಲ್ಲೇ ಬಟ್ಟೆ ಬದಲಿಸಿ, ಒದರದೆ ಕವರಿಗೆ ತುಂಬಿ, ಮನೆಯವರ ಬಟ್ಟೆ ಜೊತೆ ಸೇರಿಸದೆ ನೆನೆಸಿ ಒಗೆಯಿರಿ. ಅಂಗಿ ಹಳತಾಗಿದ್ದರೆ ಶೀಟಿನ ಜೊತೆಗೇ ಕಟ್ಟಿ ಕಳಿಸಿಬಿಡಿ. ಕೆಲಸ ಕೊಟ್ಟವರು ನೀವಾದರೆ, ಸ್ನಾನಕ್ಕೆ ಒಂದು ಹಂಡೆ ನೀರೂ ನೀವೇ ಕೊಡಿ.

ಚೂರುಗಳನ್ನು ಏನು ಮಾಡಬೇಕು

ನೆಲಕ್ಕೆ ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸಿದ ಬಟ್ಟೆ, ಮಾಸ್ಕ್, ಚೂರು ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ, ಮೇಲೆ ‘ಕಲ್ನಾರು’ ಎಂದು ಬರೆಯಿರಿ. ಚೂರನ್ನು ಪುಡಿ ಮಾಡಿ ಅಂಗಳದ ಗುಂಡಿ ಮುಚ್ಚುವುದು, ಗೊಬ್ಬರದ ಗುಂಡಿಗೆ ಮರೆ ಕಟ್ಟುವುದು, ನಾಲೆ ಏರಿಯ ಮೇಲೆ ಸುರಿಯುವುದು ನಮ್ಮ ಕಡೆ ರೂಢಿ. ಅದು ನಿಲ್ಲಬೇಕು. ಕಸದ ಗಾಡಿಗೂ ಹಾಕಬೇಡಿ. ಎಲ್ಲಿಗೆ ಒಪ್ಪಿಸಬೇಕೆಂದು ನಗರಸಭೆ, ಪಾಲಿಕೆ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ. ಮಂಡಳಿಯ ಕಚೇರಿ ಮಂಡ್ಯದಲ್ಲೂ ಇದೆ, ಮೈಸೂರಲ್ಲೂ ಇದೆ.

ಹೊಸ ಮಾಡಿಗೆ ಹೆಂಚು, ತಗಡು ಇವೆ. ಕಲ್ನಾರಿಲ್ಲದ ಸಿಮೆಂಟ್ ಶೀಟೇ ಬೇಕೆಂದರೆ ಹಾಗೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ವರ್ಷಗಟ್ಟಲೆ ಶೀಟು ಕೊಯ್ದವರಿಗೆ

1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಖಾನೆಗಳಿಗೆ ಒಂದು ಆದೇಶ ಕೊಟ್ಟಿತು: ಪ್ರತಿ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು. ಗಾರೆ ಕೆಲಸದವರಿಗೆ ಅಂಥ ಫೈಲು ಇಟ್ಟವರು ಯಾರೂ ಇಲ್ಲ. ಬೀಡಿ, ಸಿಗರೇಟು ಸೇದುತ್ತಿದ್ದರೆ ಬಿಡಿ. ಕಲ್ನಾರಿನ ಜೊತೆ ಹೊಗೆಯೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಪಾಲು ಏರುತ್ತದೆ. ಬಿಡದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ವೈದ್ಯರ ಬಳಿ ಹೋಗಿ, ಎಷ್ಟು ವರ್ಷ ಶೀಟಿನ ಕೆಲಸ ಮಾಡಿದ್ದೀರಿ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ, ಚೀಟಿಯಲ್ಲಿ ಬರೆಸಿ.